ಪಾತ್ರದ ಜನರು ಹಾಜರಾಗತಕ್ಕದ್ದು

ಕೃಷ್ಣೆಗೆ ಮೇಲಿನಿಂದ ನೀರು ಬಿಡುತ್ತಾರೆ ಎಂಬ ಸುದ್ದಿ ಬಂದಾಗ ನಾನು ಶಹಾಪುರದ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕುಳಿತು, ಸಂಕಷ್ಟ ಕಾಲದಲ್ಲಿ ಮನುಷ್ಯ ಹೇಗೆ ವರ್ತಿಸುತ್ತಾನೆ ಎಂಬುದರ ಬಗ್ಗೆ ಬಹಳ ಧೈರ್ಯವಾಗಿ ಬರೆಯುತ್ತಿದ್ದೆ. ಫ್ಯಾನು ತಿರುಗುತ್ತಿತ್ತು. ಚಹಾ ಬಂದಿತ್ತು. ಸುರಪುರದಲ್ಲಿ ನಡೆಯಬೇಕಿದ್ದ ವಿಚಾರ ಸಂಕಿರಣಕ್ಕೆ ನನ್ನ ಪ್ರಬಂಧದ ವಿಷಯ ‘ಸಂಕಷ್ಟ ಕಾಲ ಮತ್ತು ಸಾಹಿತ್ಯದ ಪಾತ್ರಗಳು’. ಮೊದಲ ಪುಟದಲ್ಲೇ ತೀರ್ಪು ಕೊಟ್ಟಾಗಿತ್ತು: ಬರ, ನೆರೆ, ರೋಗ, ಯುದ್ಧ ಇವು ಪಾತ್ರವನ್ನು ಒರೆಗೆ ಹಚ್ಚುವ ಕಲ್ಲುಗಳು, ಅಂಥ ಹೊತ್ತಿನಲ್ಲಿ ಒಳ್ಳೆಯ ಸಾಹಿತಿ ತನ್ನ ಪಾತ್ರದ ಬಾಯಿಂದ ಅದರ ಅಂತರಂಗದ ಮಾತನ್ನು ಆಡಿಸುತ್ತಾನೆ. ವಾಕ್ಯ ಚೆನ್ನಾಗಿತ್ತು. ಇನ್ನೊಮ್ಮೆ ಓದಿಕೊಂಡೆ.

ಅಷ್ಟರಲ್ಲಿ ಪ್ರಿನ್ಸಿಪಾಲರು ಕರೆದು ಒಂದು ಆದೇಶ ಕೈಗಿಟ್ಟರು. ಹೊಳೆ ದಂಡೆಯ ಒಂದು ಊರಿಗೆ ನನ್ನನ್ನು ನೋಡಲ್ ಅಧಿಕಾರಿ ಎಂದು ನೇಮಿಸಲಾಗಿತ್ತು.

“ಸರ್, ನನಗ ಈಜಾಕ ಬರಂಗಿಲ್ರಿ,” ಎಂದೆ.

“ನಿಮಗ ಈಜ್ರಿ ಅಂತ ಯಾರ್ ಹೇಳ್ಯಾರ್ರಿ? ಮಂದಿನ್ನ ಮ್ಯಾಲ ಕರೀರಿ ಅಂದಾರ. ಕರಿಯಾಕರ ಬರ್ತದಲ್ಲ?”

ಕರೆಯಲು ಬರುತ್ತದೆ ಎಂದೇ ನಾನೂ ತಿಳಿದಿದ್ದೆ.

ನಾನು ದೋರನಹಳ್ಳಿಯವನು. ನನಗೆ ಗೊತ್ತಿದ್ದದ್ದು ಕಾಲುವೆಯ ನೀರು. ಬಿಟ್ಟಾಗ ಬರುವ, ನಿಲ್ಲಿಸಿದಾಗ ನಿಲ್ಲುವ, ನೌಕರದಾರನ ಸ್ವಭಾವದ ನೀರು. ಹೊಳೆಯ ಜೊತೆ ಒಡನಾಟವಿರಲಿಲ್ಲ. ಬೋನಾಳ ಕೆರೆಗೆ ವಿದ್ಯಾರ್ಥಿಗಳನ್ನು ಹಕ್ಕಿ ತೋರಿಸಲು ಕರೆದುಕೊಂಡು ಹೋದಾಗಲೂ ನಾನು ಏರಿಯ ಮೇಲಿಂದ ಕೆಳಗಿಳಿದವನಲ್ಲ. ಹಕ್ಕಿಗಳು ದೂರದಿಂದಲೇ ಚೆಂದ ಎಂದು ಹೇಳಿದ್ದೆ.

ಯಾದಗಿರಿಯ ಸಭೆಯಲ್ಲಿ ನಮಗೆಲ್ಲ ಕೆಲಸದ ಕ್ರಮ ಹೇಳಿಕೊಟ್ಟರು. ಮೊದಲು ಧ್ವನಿವರ್ಧಕದಲ್ಲಿ ಪ್ರಚಾರ. ಆಮೇಲೆ ಮನೆ ಮನೆಗೆ ಹೋಗಿ ಹೇಳುವುದು. ನೀರಿನ ಅಂಚಿನಲ್ಲಿ ಸಾಲಾಗಿ ಗೂಟ ಹೊಡೆದು, ಯಾವುದು ಮುಳುಗಿತು ನೋಡುತ್ತ ಮೇಲಕ್ಕೆ ತಿಳಿಸುವುದು. ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆದು ಅನ್ನ ಸಾರು ಸಿದ್ಧವಿಡುವುದು. ಕೊನೆಗೆ, ಬಹಳ ಒತ್ತಿ ಹೇಳಿದ ಮಾತು: ಅಗ್ನಿಶಾಮಕ ದಳದ ಬೋಟು ಬರುವ ತನಕ ಯಾರನ್ನೂ ನೀರಿಗೆ ಇಳಿಸಬಾರದು, ಇಳಿಸಿದರೆ ಜವಾಬ್ದಾರಿ ನೋಡಲ್ ಅಧಿಕಾರಿಯದು. ಈ ಒಂದು ವಾಕ್ಯ ನನಗೆ ಕೇಳಿದ ಕೂಡಲೇ ಬಾಯಿಪಾಠವಾಯಿತು. ಹಳಗನ್ನಡದ ಒಂದು ಪದ್ಯವೂ ಅಷ್ಟು ಬೇಗ ಆಗಿರಲಿಲ್ಲ.

ಮರುದಿನ ಊರು ಮುಟ್ಟಿದಾಗ ಬಿಸಿಲಿತ್ತು. ಮಳೆಯ ಹನಿ ಇಲ್ಲದೆ ಬರುವ ನೆರೆಗಿಂತ ಭಯಂಕರವಾದದ್ದು ಇಲ್ಲ. ಜನ ಆಕಾಶ ನೋಡುತ್ತಾರೆ, ಆಕಾಶ ಏನೂ ಆಗಿಲ್ಲವೆಂದು ಹೇಳುತ್ತದೆ. ಊರಿನ ಲೆಕ್ಕ ನೋಡುವ ತಲಾಟಿ, ತೆಳ್ಳಗಿನ ಚುರುಕು ಮನುಷ್ಯ, ಹುಣಸಗಿಯಿಂದ ಒಂದು ಆಟೋ ತರಿಸಿ ಅದರ ನೆತ್ತಿಗೆ ಸ್ಪೀಕರ್ ಕಟ್ಟಿಸಿ ನಿಂತಿದ್ದ. ಪ್ರಚಾರದ ಒಕ್ಕಣೆ ಅಚ್ಚಾಗಿಯೇ ಬಂದಿತ್ತು.

“ಸರ್, ನೀವು ಕನ್ನಡ ಲೆಕ್ಚರರು. ನೀವ ಓದ್ರಿ. ನಾ ಓದಿದ್ರ ಕಂದಾಯ ಕೇಳಿದಂಗ ಆಗ್ತದ,” ಎಂದ.

ನನಗೂ ಅದು ನ್ಯಾಯವೆನಿಸಿತು. ಗಂಟಲು ಸರಿಮಾಡಿಕೊಂಡು ಅವನ ಮೊಬೈಲಿನಲ್ಲಿ ದಾಖಲಿಸಿದೆ: ‘ಪ್ರಿಯ ಬಾಂಧವರೇ, ನದಿ ಪಾತ್ರದ ಸಮಸ್ತ ಜನರು ಈ ಕೂಡಲೇ ಹನುಮಪ್ಪನ ಗುಡಿಯ ಕಟ್ಟೆಗೆ ಹಾಜರಾಗತಕ್ಕದ್ದು.’ ‘ಸಮಸ್ತ’ದ ಮೇಲೆ ಒಂದು ಒತ್ತು ಕೊಟ್ಟೆ. ಹೊಳೆ ಹರಿಯುವ ಹಾಸು ಮತ್ತು ಅದರ ಎರಡೂ ದಂಡೆಗೆ ಬರವಣಿಗೆಯ ಕನ್ನಡದಲ್ಲಿ ನದಿ ಪಾತ್ರ ಎನ್ನುತ್ತೇವೆ. ಆ ಮಾತು ಪೇಪರಿನಲ್ಲಿ ಬರುತ್ತದೆ, ಟೀವಿಯಲ್ಲಿ ಬರುತ್ತದೆ. ಯಾರ ಬಾಯಲ್ಲೂ ಬರುವುದಿಲ್ಲ. ಇದು ಆಗ ನನಗೆ ಹೊಳೆಯಲಿಲ್ಲ.

ಆಟೋ ಊರು ಸುತ್ತಿ, ಹೊಳೆಯ ಹಾದಿ ಹಿಡಿದು, ತಿರುಗಿ ಬಂತು. ಗಾಳಿ ಜೋರಿತ್ತು, ನನ್ನ ದನಿ ಅಲ್ಲಲ್ಲಿ ಹರಿದು ಬೇಲಿಗೆ ಸಿಕ್ಕಿಕೊಳ್ಳುತ್ತಿತ್ತು. ನಾನು ಗುಡಿಯ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಸಮಸ್ತ ಜನರಿಗಾಗಿ ಕಾದೆ.

ಮೊದಲು ಬಂದವನು ಹಾರ್ಮೋನಿಯಂ ಹೊತ್ತು ಬಂದ. ವಿಪತ್ತಿನಲ್ಲಿ ಮನುಷ್ಯ ತನಗೆ ಅತಿ ಪ್ರಿಯವಾದುದನ್ನೇ ಮೊದಲು ಎತ್ತಿಕೊಳ್ಳುತ್ತಾನೆ ಎಂದು ಪ್ರಬಂಧದಲ್ಲಿ ಒಂದು ಕಡೆ ಬರೆದಿದ್ದೆ, ಸಂತೋಷವಾಯಿತು. ಅವನ ಹಿಂದೆ ಮದ್ದಳೆ ಬಂತು. ಮದ್ದಳೆಯ ಹಿಂದೆ ಕಟ್ಟಿಗೆಯ ಗದೆ ಬಂತು. ಸಂತೋಷ ಕಡಿಮೆಯಾಯಿತು.

ಗದೆ ಹಿಡಿದವನು ಬಾಗಿಲಷ್ಟು ಎತ್ತರದ ಮನುಷ್ಯ, ಮೀಸೆ ಕಿವಿಯ ತನಕ. “ಮಾಸ್ತರ ಎಲ್ಲದಾರ್ರಿ?” ಎಂದು ನನ್ನನ್ನು ಕೇಳಿದ.

“ಯಾವ ಮಾಸ್ತರ?”

“ಆಟ ಕಲಿಸೋ ಮಾಸ್ತರ್ರಿ. ಪಾತ್ರದ ಮಂದಿ ಎಲ್ಲಾ ಕೂಡ್ರಿ ಅಂತ ಒದರ್ಯಾರಲ್ಲ. ತಾಲೀಮು ಅದಲ್ರಿ ಇವತ್ತ?”

ಆ ಊರಿನಲ್ಲಿ ದೊಡ್ಡಾಟದ ಮೇಳವಿತ್ತು. ಪ್ರತಿ ವರ್ಷ ಅದರ ಪ್ರಚಾರ ಮಾಡುವುದು ಇದೇ ಆಟೋ. ಗಾಳಿ ನನ್ನ ‘ನದಿ’ಯನ್ನು ನುಂಗಿ ‘ಪಾತ್ರದ ಸಮಸ್ತ ಜನ’ರನ್ನು ಮಾತ್ರ ಊರಿಗೆ ಮುಟ್ಟಿಸಿತ್ತು. ರಾಜ ಬಂದಿದ್ದ, ಮಂತ್ರಿ ಬಂದಿದ್ದ, ಹೆಣ್ಣು ಪಾತ್ರ ಮಾಡುವವನು ಹೊಲದಿಂದ ಓಡಿ ಬಂದು ಏದುಸಿರು ಬಿಡುತ್ತಿದ್ದ. ಗದೆಯವನು ರಾಕ್ಷಸ. ಮೇಳದವರನ್ನು ಬಿಟ್ಟರೆ ಹೊಳೆ ದಂಡೆಯ ಮನೆಗಳಿಂದ ಒಂದು ನರಪಿಳ್ಳೆಯೂ ಬಂದಿರಲಿಲ್ಲ.

ನಾನು ಕುರ್ಚಿಯಿಂದ ಎದ್ದು, ಪಾತ್ರ ಎಂದರೆ ಆ ಪಾತ್ರವಲ್ಲ ಎಂದು ವಿವರಿಸತೊಡಗಿದೆ. ವ್ಯುತ್ಪತ್ತಿಯ ಹತ್ತಿರ ಬಂದಿದ್ದೆ. ತಲಾಟಿ ನಡುವೆ ಬಾಯಿ ಹಾಕಿದ.

“ಹೊಳಿ ಬರಾಕತ್ತದೋ! ದಂಡಿ ಮಂದಿ ಎದ್ದು ಮ್ಯಾಲ ಬರಬೇಕು, ಅಷ್ಟ!”

“ಹಂಗಾದ್ರ ಅದನ್ನ ಒದರಬೇಕಿತ್ತಿಲ್ರಿ!” ಎಂದು ಹಾರ್ಮೋನಿಯಂ ಮನುಷ್ಯ ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು, ದಂಡೆಯ ಮನೆಗಳ ಕಡೆ ಓಡಿದ. “ಹೊಳಿ ಬಂತು, ಏಳ್ರಿ” ಎಂಬ ಅವನ ಕೂಗು ಓಣಿಯ ಕೊನೆಯ ತನಕ ಕೇಳಿತು. ಸ್ವಲ್ಪ ಹೊತ್ತಿಗೆ ಆ ಮನೆಗಳ ಜನ ಟ್ರಂಕು, ಹಾಸಿಗೆ, ಮುದುಕರು, ಎಮ್ಮೆಗಳ ಸಮೇತ ಶಾಲೆಯ ದಾರಿ ಹಿಡಿದರು.

ಆದರೆ ರಾಕ್ಷಸ ನಿಂತಲ್ಲೇ ನಿಂತಿದ್ದ. ಗದೆ ಕೈಯಿಂದ ಜಾರಿ ಕಟ್ಟೆಯ ಕೆಳಗೆ ಉರುಳಿತು.

“ನನ್ನ ಹೇಣ್ತಿ ಗಡ್ಡ್ಯಾಗ ಅದಾಳ್ರಿ,” ಎಂದ. “ಆಡು ಹೊಡ್ಕೊಂಡು ಮುಂಜಾನಿ ಹೋಗ್ಯಾಳ.”

ಗಡ್ಡೆ ಎಂದರೆ ಹೊಳೆಯ ನಡುವೆ ಎದ್ದ ನೆಲ. ಊರಿಗೂ ಅದಕ್ಕೂ ನಡುವೆ ಹೊಳೆಯ ಒಂದು ಸಣ್ಣ ಕವಲು. ಬೇರೆ ದಿನ ಮೊಣಕಾಲು ನೀರಿನಲ್ಲಿ ದಾಟಿ ಹೋಗಿ ಆಡು ಮೇಯಿಸಿಕೊಂಡು ಬರುತ್ತಾರೆ. ಅವಳಿಗೆ ಫೋನು ಮಾಡು ಎಂದೆ. ಅವನು ತನ್ನ ಕಿಸೆ ಮುಟ್ಟಿ ತೋರಿಸಿದ. ಮನೆಗೆಲ್ಲ ಸೇರಿ ಫೋನು ಒಂದೇ, ಅದು ಆ ಕಿಸೆಯಲ್ಲಿತ್ತು.

ಮೇಳದ ನಾಲ್ವರೊಂದಿಗೆ ಆಟೋ ಹತ್ತಿ ದಂಡೆಗೆ ಹೋದೆವು. ಹೊಳೆಯನ್ನು ನಾನು ಮೊದಲು ನೋಡಲಿಲ್ಲ, ಕೇಳಿದೆ. ಬಹಳ ಲಾರಿಗಳನ್ನು ಸಾಲಾಗಿ ನಿಲ್ಲಿಸಿ ಇಂಜಿನ್ ಬಂದ್ ಮಾಡದೆ ಬಿಟ್ಟುಹೋದಂತೆ ಒಂದು ಗುರುಗುಟ್ಟುವಿಕೆ. ಆಮೇಲೆ ಕಂಡಿತು: ಆರಿದ ಚಹಾದ ಬಣ್ಣದ, ಅಲೆಯೇ ಇಲ್ಲದ, ಮೈಯೆಲ್ಲ ಸ್ನಾಯುವಿನಂತೆ ಹೊರಳುವ ನೀರು. ಒಂದು ಮೇವಿನ ಬಣವೆ ಇಡಿಯಾಗಿ, ಮದುವೆಯ ಮೆರವಣಿಗೆಯ ಗಾಂಭೀರ್ಯದಿಂದ ತೇಲಿ ಹೋಗುತ್ತಿತ್ತು. ಅದರ ತುದಿಯಲ್ಲಿ ಒಂದು ಕೋಳಿ ಕುಳಿತಿತ್ತು. ಆ ಕೋಳಿ ನಮ್ಮ ಕಡೆ ನೋಡಿತು. ಅದರ ಕಣ್ಣು ಈಗಲೂ ನನ್ನ ನಿದ್ದೆಗೆ ಬರುತ್ತದೆ.

ತಲಾಟಿ ಬೇವಿನ ಗೂಟಗಳನ್ನು ಹೊಡೆದ. ಹೊಡೆದು ಕೈ ಒರೆಸಿಕೊಳ್ಳುವಷ್ಟರಲ್ಲಿ ಮೊದಲನೆಯದರ ಬುಡ ಒದ್ದೆಯಾಗಿತ್ತು.

ಕವಲಿನ ಆಚೆ, ಗಡ್ಡೆಯ ಎತ್ತರದ ನಡುಭಾಗದಲ್ಲಿ ಅವಳು ಕಂಡಳು. ಹಸಿರು ಸೀರೆ, ಕೈಯಲ್ಲಿ ಕೋಲು, ಸುತ್ತ ಆಡುಗಳು. ನೀರಿಗೂ ಅವಳಿಗೂ ನಡುವೆ ಜಾಲಿಯ ಪೊದೆ ದಟ್ಟವಾಗಿತ್ತು. ತನ್ನ ಹಿಂದಿನ ದಾರಿ ತುಂಬುತ್ತಿರುವುದು ಅವಳಿಗೆ ಕಾಣುವಂತಿರಲಿಲ್ಲ.

ಬೋಟಿಗೆ ಫೋನು ಮಾಡಿದೆ. ಇನ್ನೊಂದು ಊರಿನಲ್ಲಿದೆ, ಅಲ್ಲಿಯ ಕೆಲಸ ಮುಗಿಸಿ ಬರುತ್ತದೆ ಎಂದರು. ಇನ್ನೊಮ್ಮೆ ಮಾಡಿದೆ. ಎತ್ತಲಿಲ್ಲ.

ಆಟೋದವನು ಸ್ಪೀಕರನ್ನು ಹೊಳೆಯ ಕಡೆ ತಿರುಗಿಸಿ, ಕೇಳದೆಯೇ, ನನ್ನ ದಾಖಲೆಯನ್ನು ಹಚ್ಚಿದ. ‘ಪಾತ್ರದ ಸಮಸ್ತ ಜನರು’ ಎಂದು ನನ್ನ ಗಂಭೀರ ಕಂಠ ನೀರಿನ ಮೇಲೆ ಹೋಯಿತು. ಅವಳು ತಲೆ ಎತ್ತಿ ಕೇಳಿದಳು. ಕೋಲು ಎತ್ತಿ ಗಂಡನಿಗೆ ಊರಿನ ಕಡೆ ತೋರಿಸಿದಳು: ನಿನ್ನನ್ನೇ ಕರೆಯುತ್ತಿದ್ದಾರೆ, ಹೋಗು.

ಅದನ್ನು ಬಂದ್ ಮಾಡಿಸಿ ಮೈಕು ನಾನೇ ಹಿಡಿದೆ. ಏನು ಹೇಳಬೇಕೆಂದು ಗೊತ್ತಿತ್ತು, ‘ನೀರು ಬಂತು, ಬಾ’. ಬಾಯಿ ತೆರೆದಾಗ ಬಂದದ್ದು: “ಮಾನ್ಯ ಸಹೋದರಿಯವರೇ, ಪರಿಸ್ಥಿತಿ ಅತ್ಯಂತ ಗಂಭೀರ ಸ್ವರೂಪ ತಾಳಿದ್ದು…” ಅಂಜಿದ ಮನುಷ್ಯ ತನಗೆ ರೂಢಿಯಿದ್ದ ಮೂಲೆಗೆ ಹೋಗಿ ಅವಿತುಕೊಳ್ಳುತ್ತಾನೆ, ನನ್ನ ಮೂಲೆ ವೇದಿಕೆಯ ಕನ್ನಡ. ಮಾನ್ಯ ಸಹೋದರಿಯವರು ಒಂದು ಆಡಿನ ಕಾಲಿಂದ ಮುಳ್ಳು ತೆಗೆಯುತ್ತಿದ್ದರು.

“ಕೊಡ್ರಿ ಇಲ್ಲೆ,” ಎಂದು ರಾಕ್ಷಸ ಮೈಕು ಕಸಿದುಕೊಂಡ. ನನಗೆ ಧೈರ್ಯ ಬಂತು. ಗಂಡ ಕರೆದರೆ ಬಂದೇ ಬರುತ್ತಾಳೆ. ಆದರೆ ಮೈಕು ಕೈಗೆ ಬಂದದ್ದೇ ತಡ, ಅವನ ಎದೆ ಮುಂದೆ ಬಂತು, ಹುಬ್ಬು ಮೇಲೇರಿದವು.

“ಎಲೌ ನಾರೀ! ತಡಮಾಡದೆ ಇತ್ತ ಬಾರೌ! ಬಾರದಿದ್ದೊಡೆ ನಿನ್ನ ಗತಿ ಏನಾಗುವುದೆಂಬುದನು ಬಲ್ಲೆಯಾ!”

 ಗಡ್ಡೆಯ ಮೇಲೆ ಅವನ ಹೆಂಡತಿ ನಿರಾಳವಾಗಿ ಕೂತು ಸಂಚಿ ಬಿಚ್ಚಿ ಎಲೆ ಅಡಿಕೆ ತೆಗೆದಳು.

“ದಿನಾ ಇದ ದಂಡಿ ಮ್ಯಾಲ ನಿಂತು ಹಿಂಗ ಒದರ್ತಾನ್ರಿ ಇಂವ,” ಎಂದ ರಾಜ, ಅಳು ಬಂದವನಂತೆ. “ಅಕಿ ಯಾಕ ಕೇಳ್ತಾಳ್ರಿ?”

“ಇನ್ನೊಂದು ಗೂಟ ಹೋತ್ರಿ ಸರ್,” ಎಂದ ತಲಾಟಿ.

ರಾಕ್ಷಸ ಮತ್ತೆ ಗರ್ಜಿಸಿದ. ನಾನು ಅವನ ಪಕ್ಕದಲ್ಲಿ ನಿಂತಿದ್ದೆ. ಅವನ ಮೊಣಕಾಲುಗಳು ಒಂದಕ್ಕೊಂದು ಬಡಿಯುತ್ತಿದ್ದವು, ಲುಂಗಿ ಗಾಳಿಯಿಲ್ಲದ ಕಡೆಯಿಂದಲೂ ಅಲುಗುತ್ತಿತ್ತು. ದನಿ ಮಾತ್ರ ಸಿಂಹಾಸನದ ಮೇಲೆ ಕುಳಿತಿತ್ತು. ಅದನ್ನು ಕಂಡಾಗ ನನಗೆ ತಿಳಿಯಿತು: ಆ ಹೆಂಗಸು ಸಾಯುವುದು ಇದರಿಂದಲೇ. ನೀರಿನಿಂದ ಆಮೇಲೆ, ಮೊದಲು ಈ ದನಿಯಿಂದ, ನನ್ನ ದನಿಯಿಂದ.

ಅವನ ತೋಳು ಹಿಡಿದು ಜಗ್ಗಿದೆ. “ಪಾತ್ರ ಬಿಡೋ ತಮ್ಮಾ! ಮನ್ಯಾಗ ಹೆಂಗ ಮಾತಾಡ್ತಿ, ಹಂಗ ಮಾತಾಡು.”

“ಮನ್ಯಾಗ ನಾ ಮಾತಾಡಂಗಿಲ್ರಿ,” ಎಂದ ಅವನು, ಮೈಕು ಎದೆಗೊತ್ತಿಕೊಂಡು. “ಅಕಿನ ಮಾತಾಡ್ತಾಳ.”

“ಹಂಗಾದ್ರ ಈಗ ನಿನಗ ಏನ್ ಆಗಾಕತ್ತದ, ಅದನ್ನಷ್ಟ ಹೇಳು.”

ಅವನು ನನ್ನನ್ನು ನೋಡಿದ.  ಮೈಕು ಬಾಯಿಗೆ ತಂದ. ಮೊದಲು ಬರೀ ಉಸಿರು ಸ್ಪೀಕರಿನಲ್ಲಿ ಬುಸುಗುಟ್ಟಿತು. ಆಮೇಲೆ, ಮಗ್ಗುಲಲ್ಲಿ ಮಲಗಿದವರಿಗೆ ಹೇಳುವಷ್ಟೇ ಮೆಲ್ಲಗೆ:

“ನನಗ ಅಂಜಿಕಿ ಬಂದದ.”

ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈ ನಿಂತಿತು.

“ಕಾಲ ನಿಲ್ಲವಲ್ವು ನನ್ನವು. ನೀರು ಬಂದದ. ಬಾ.”

ಅವಳು ಎದ್ದು ನಿಂತಳು. ಸಂಚಿ ಬಿತ್ತು, ಎತ್ತಿಕೊಳ್ಳಲಿಲ್ಲ. ಜಾಲಿಯ ಪೊದೆ ಸರಿಸಿ ನೀರಿನ ಅಂಚಿಗೆ ಬಂದು, ಅದನ್ನು ಕಂಡು, ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು.

ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದು ಮನಸ್ಸು ಹೇಳಿತು. ಮುಗಿದಿರಲಿಲ್ಲ. ಕವಲಿನ ನೀರು ಆಗಲೇ ಸೊಂಟದ ಮಟ್ಟ ದಾಟಿ ಸೆಳೆಯುತ್ತಿತ್ತು. ಒಬ್ಬಳೇ ಇಳಿದರೆ ನಿಲ್ಲಲಾರಳು. ಗಡ್ಡೆಯಲ್ಲೇ ಇರು ಎನ್ನಲು ಗಡ್ಡೆ ಉಳಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ರಾಜ, ಮಂತ್ರಿ, ಹೆಣ್ಣು ಪಾತ್ರದವನು ಬಂಡಿಯ ಹಗ್ಗ ತಂದು ಬೇವಿನ ಮರಕ್ಕೆ ಸುತ್ತತೊಡಗಿದ್ದರು. ಎಲ್ಲ ಹೊಳೆಯ ಮಕ್ಕಳು, ಈಜು ಬಲ್ಲವರು. ನನ್ನ ತಪ್ಪು ಕರೆಗೆ ಓಗೊಟ್ಟು ಬಂದದ್ದರಿಂದಲೇ ಅವರು ಅಲ್ಲಿದ್ದರು. ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ಹೊಲದಲ್ಲಿರುತ್ತಿದ್ದರು.

“ಸರ್, ಆರ್ಡರ್ ಅದರಿ. ಯಾರ್ನೂ ಇಳಿಸಬ್ಯಾಡ್ರಿ ಅಂತ,” ಎಂದ ತಲಾಟಿ. ಅವನು ತಡೆಯುತ್ತಿರಲಿಲ್ಲ. ನನ್ನ ಬಾಯಿಂದ ಮಾತು ಹೊರಡಲಿ ಎಂದು ಕಾಯುತ್ತಿದ್ದ. ಎಲ್ಲರೂ ಕಾಯುತ್ತಿದ್ದರು. ಹಗ್ಗ ಕೈಯಲ್ಲಿತ್ತು.

ಮತ್ತೆ ಬೋಟಿಗೆ ಫೋನು ಮಾಡಿದೆ. ಗಂಟೆ ಬಾರಿಸುತ್ತಲೇ ಇತ್ತು. ಒಬ್ಬಳು ಹೋಗುವ ಬದಲು ಮೂವರು ಹೋದರೆ? ಮೂವರ ಮನೆಯೂ ದಂಡೆಯ ಓಣಿಯಲ್ಲೇ ಇತ್ತು. ಅವರ ಮಕ್ಕಳು ಆಗ ಶಾಲೆಯಲ್ಲಿ ನಾನೇ ಇಡಿಸಿದ ಅನ್ನಕ್ಕೆ ಸಾಲು ನಿಂತಿದ್ದರು. ಸಾಹಿತ್ಯದಲ್ಲಿ ಇಂಥ ಜಾಗದಲ್ಲಿ ಪಾತ್ರಕ್ಕೆ ಒಂದು ಸ್ವಗತವಿರುತ್ತದೆ. ಪುಟಗಟ್ಟಲೆ ಇರುತ್ತದೆ, ಪರೀಕ್ಷೆಗೆ ಬರುತ್ತದೆ. ನನ್ನ ಒಳಗೆ ಹುಡುಕಿದೆ, ಏನೂ ಇರಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು, ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು, ಮತ್ತು, ಸಭ್ಯರು ಕ್ಷಮಿಸಬೇಕು, ಒಂದಕ್ಕೆ ಬಂದಿತ್ತು. ಇಷ್ಟೇ ನನ್ನ ಅಂತರಂಗ.

“ಇಳೀರಿ,” ಎಂದೆ. ಅದು ಮಾತಿನಂತೆ ಇರಲಿಲ್ಲ, ಕೆಮ್ಮಿನಂತಿತ್ತು. ಆದರೆ ಅವರು ಇಳಿದರು.

ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು ಒಬ್ಬರ ಹಿಂದೆ ಒಬ್ಬರು. ಎಲ್ಲರಿಗಿಂತ ಮುಂದೆ ಹೆಣ್ಣು ಪಾತ್ರದವನು. ಮೇಳದಲ್ಲಿ ಅವನದೇ ಗಟ್ಟಿ ಈಜು. ರಾಕ್ಷಸ ಇಳಿಯಲು ಹೋಗಿ ದಂಡೆಯಲ್ಲೇ ಕುಸಿದ. ಅವನನ್ನು ಎಳೆದು ನನ್ನ ಹತ್ತಿರ ಮರದ ಬುಡಕ್ಕೆ ಕೂರಿಸಿದರು. ಹಗ್ಗ ಮರಕ್ಕೆ ಕಟ್ಟಿತ್ತು, ಆದರೂ ನಾವಿಬ್ಬರೂ ಅದನ್ನು ಹಿಡಿದುಕೊಂಡೆವು. ಮರ ಬಿಟ್ಟರೂ ನಾವು ಬಿಡುವುದಿಲ್ಲ ಎಂಬಂತೆ.

ಆಚೆಯಿಂದ ಅವಳು ಒಂದು ಮರಿಯನ್ನು ಹೆಗಲಿಗೆ ಹಾಕಿಕೊಂಡು, ಹೋತನ ಕೊಂಬು ಹಿಡಿದು ನೀರಿಗೆ ಹೊಡೆದಳು. ಅದರ ಹಿಂದೆ ಕೆಲವು ಬಂದವು. ಉಳಿದವು ಅಂಚಿಗೆ ಬಂದು ನೀರು ಮೂಸಿ ಹಿಂದಕ್ಕೆ ತಿರುಗಿದವು. “ಬಿಡಬೇ, ನೀ ಬಾ!” ಎಂದು ಮಂತ್ರಿ ಕೂಗಿದ. ಅವಳು ತಿರುಗಿ ನೋಡುತ್ತಲೇ ಇದ್ದಳು. ಹಾಗೆ ನೋಡುವಾಗಲೇ ಕಾಲು ತಪ್ಪಿತು.

ಹಸಿರು ಸೀರೆ ನೀರಿನ ಮೇಲೆ ಉಬ್ಬಿ ನಿಂತಿತು. ತಲೆ ಕಾಣಲಿಲ್ಲ.

ನಾನು ಕಣ್ಣು ಮುಚ್ಚಿದೆ. ಇದನ್ನು ಬರೆಯದೆ ಬಿಡಬಹುದಿತ್ತು. ಪಕ್ಕದವನು ಕಣ್ಣು ಮುಚ್ಚಲಿಲ್ಲ. ಅವನ ಉಗುರು ನನ್ನ ಮುಂಗೈಯಲ್ಲಿ ಇಳಿದದ್ದು ಗೊತ್ತಾಯಿತು. ಹಗ್ಗ ಒಮ್ಮೆ ಜಗ್ಗಿತು, ಸಡಿಲಾಯಿತು, ಮತ್ತೆ ಬಿಗಿಯಿತು. “ಹೆರಳ ಸಿಕ್ತು! ಜಗ್ಗ್ರಿ!” ಎಂಬ ಕೂಗು ಬಂತು. ಎಳೆದೆವು. ತಲಾಟಿ ಎಳೆದ, ಆಟೋದವನು ಎಳೆದ, ನಾನು ಕಣ್ಣು ಮುಚ್ಚಿಕೊಂಡೇ ಎಳೆದೆ.

ಕಣ್ಣು ತೆರೆದಾಗ ಅವಳು ದಂಡೆಯ ಕೆಸರಿನಲ್ಲಿ ಮೊಣಕಾಲೂರಿ ನೀರು ಕಾರುತ್ತಿದ್ದಳು. ಮರಿ ಇನ್ನೂ ಹೆಗಲ ಮೇಲಿತ್ತು, ಅದೂ ಕೆಮ್ಮುತ್ತಿತ್ತು. ಆಚೆ ದಂಡೆಯಲ್ಲಿ ಉಳಿದ ಆಡುಗಳು ಒದರುತ್ತಿದ್ದವು.

“ಹಿಂದ ಎಷ್ಟ ಉಳದಾವ?” ಎಂದು ಕೇಳಿದಳು.  ತಾನೇ ಬೆರಳು ಮಡಚಿ ಆ ಕಡೆಯವನ್ನು ಎಣಿಸಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

“ನೀ ಒದರಿದಾಗ ತಾಲೀಮು ನಡದದ ಅನ್ಕೊಂಡೆ. ಮೆತ್ತಗ ಅಂದಿ ನೋಡು, ಆಗ ನನ್ನ ಎದಿ ಧಸಕ್ ಅಂತು. ಈ ಮನಷ್ಯಾ ಅಂಜೀನಿ ಅಂತಾನಂದ್ರ ಏನೋ ಘಾತ ಆಗ್ಯಾದ ಅಂತ.”

ರಾಕ್ಷಸ ಅವಳ ಸೀರೆಯ ಸೆರಗು ಹಿಂಡುತ್ತ ಕುಳಿತಿದ್ದ.

ಬೋಟು ಬಂದಾಗ ಗಡ್ಡೆಯ ಜಾಲಿಯ ತುದಿಗಳು ಮಾತ್ರ ಕಾಣುತ್ತಿದ್ದವು. ಒದರುವ ಸದ್ದು ಅದಕ್ಕೆ ಮೊದಲೇ ನಿಂತಿತ್ತು.

ನೀರಿಗೆ ಜನರನ್ನು ಇಳಿಸಿದ್ದಕ್ಕೆ ನನ್ನಿಂದ ವಿವರಣೆ ಕೇಳಿದರು, ಬರೆದುಕೊಟ್ಟೆ. ನೆರೆಯಿಂದಾಗಿ ಮುಂದಕ್ಕೆ ಹೋಗಿದ್ದ ಸಂಕಿರಣ ಸುರಪುರದಲ್ಲಿ ಆಮೇಲೆ ನಡೆಯಿತು. ಅಂತರಂಗದ ಮಾತಿನ ಆ ವಾಕ್ಯವನ್ನು ಹೊಡೆದುಹಾಕಿ, ಕಷ್ಟಕಾಲದಲ್ಲಿ ಪಾತ್ರಕ್ಕೆ ಮಾತು ಕೊಡುವುದು ಸುಲಭ, ಬಾಯಿ ಒಣಗಿಸುವುದು ಕಷ್ಟ ಎಂದು ಓದಿದೆ. ಇದಕ್ಕೆ ಆಧಾರವೇನು ಎಂದು ಅಧ್ಯಕ್ಷರು ಕೇಳಿದರು. ಅಡಿಟಿಪ್ಪಣಿ ಹಾಕಿಲ್ಲ ಎಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಆದರೆ ಆ ದಿನದ್ದು ಒಂದು ಮಾತು ಉಳಿದಿದೆ. ದಂಡೆಯಿಂದ ಶಾಲೆಗೆ ಬಂದಾಗ ಯಾರೋ ಅವಳಿಗೆ ಒಂದು ಕರಿ ಕಂಬಳಿ ತಂದು ಹೊದಿಸಿದರು. ಅವಳು ಗೋಡೆಗೆ ಒರಗಿ ಚಹಾ ಕುಡಿಯುತ್ತಿದ್ದಳು. ನಾನು ಎದುರು ನಿಂತು ಬಂದವರ ಹೆಸರು ಕೇಳಿ ಬರೆದುಕೊಳ್ಳಲು ನೋಡುತ್ತಿದ್ದೆ; ಪೆನ್ನು ಹಾಳೆಯ ಮೇಲೆ ನಿಲ್ಲುತ್ತಿರಲಿಲ್ಲ. ಅವಳು ಲೋಟ ಕೆಳಗಿಟ್ಟು ನನ್ನ ಕೈಯನ್ನೇ ನೋಡಿದಳು.

“ನೀರಾಗ ಇಳದಾಕಿ ನಾನರಿ ಸಾಹೇಬ್ರ. ನೀವ್ಯಾಕ ನಡಗಾಕತ್ತೀರಿ?”

ಪೆನ್ನನ್ನು ಕಿಸೆಗೆ ಸಿಕ್ಕಿಸಿದೆ.  ಅವಳು ಎದ್ದು ಬಂದು, ಹಸಿ ಆಡಿನ ವಾಸನೆಯ ಆ ಕಂಬಳಿಯನ್ನು ತನ್ನ ಮೈಯಿಂದ ತೆಗೆದು ನನ್ನ ಹೆಗಲ ಮೇಲೆ ಹಾಕಿದಳು. ಇಡೀ ಕಾಳಜಿ ಕೇಂದ್ರ ನೋಡುತ್ತಿತ್ತು. ನೋಡಲ್ ಅಧಿಕಾರಿಯ ಘನತೆಗೆ ಅದು ತಕ್ಕುದಲ್ಲ ಎಂದು ನನಗೆ ಗೊತ್ತಿತ್ತು.

ಗದ್ದದ ತನಕ ಎಳೆದು ಹೊದ್ದುಕೊಂಡೆ.